ಈ ಹೊತ್ತಿನ ಹಿಡಿ ಅಕ್ಕಿ

ಅಜ್ಜಿ ಅಕ್ಕಿ ಅಳೆಯುತ್ತಿದ್ದುದು ಪಾವಿನಲ್ಲಿ. ಮಧ್ಯಾಹ್ನದ ಊಟಕ್ಕೆ ಇಷ್ಟು, ರಾತ್ರಿಯ ಗಂಜಿಗೆ ಇಷ್ಟು ಎಂಬ ಲೆಕ್ಕ ಅವಳ ಕೈಗೇ ಗೊತ್ತಿತ್ತು. ಕುಚ್ಚಲಕ್ಕಿಯನ್ನು ಗೆರಸೆಗೆ ಸುರಿದು, ಕಲ್ಲು ಹೆಕ್ಕಿ, ತೊಳೆಯುವ ಪಾತ್ರೆಗೆ ಹಾಕುವ ಮುಂಚೆ ಒಂದು ಕ್ಷಣ ನಿಲ್ಲುವಳು. ಆಮೇಲೆ ಬಲಗೈಯಿಂದ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಗೂಡಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಗೆ ಹಾಕುವಳು. ಹಿಡಿ ಎಂದರೆ ಬೆರಳು ಬಿಗಿದು ತೆಗೆದ ಹಿಡಿಯಲ್ಲ, ಬೆರಳ ಸಂದಿನಿಂದ ನಾಲ್ಕು ಕಾಳು ಉದುರುವಷ್ಟು ತುಂಬಿದ ಹಿಡಿ. ಆ ಡಬ್ಬಿಯ ಅಕ್ಕಿ ನಮ್ಮದಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಶನಿವಾರ ಅದು ಯಾರದೋ ಮನೆಗೆ ಹೋಗುತ್ತಿತ್ತು.

ಒಂದು ಆಟಿ ತಿಂಗಳು ಚೆನ್ನಾಗಿ ನೆನಪಿದೆ. ಮಳೆ ಹಿಡಿದರೆ ಬಿಡದ ಕಾಲ. ಅಪ್ಪ ಕೆಲಸ ಮಾಡುತ್ತಿದ್ದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಕೈಗೆ ಬರುವ ದುಡ್ಡು ಅರ್ಧಕ್ಕೆ ಇಳಿದಿತ್ತು. ಮನೆಯ ಕೊನೆಯ ಅಕ್ಕಿ ಮುಡಿ ಬಿಚ್ಚಿಯಾಗಿತ್ತು. ಅಮ್ಮ ಗೆರಸೆಯ ಮುಂದೆ ಕುಳಿತು ಮೆಲ್ಲಗೆ ಹೇಳಿದಳು, "ಅತ್ತೆ, ಈ ವಾರ ಬಿಡುವ. ಮುಂದಿನ ವಾರ ಎರಡೆರಡು ಹಿಡಿ ಹಾಕುವ." ಅಜ್ಜಿ ಕೈ ನಿಲ್ಲಿಸಲಿಲ್ಲ. "ಮುಂದಿನ ವಾರದ್ದು ಮುಂದಿನ ವಾರ ನೋಡುವ. ಇವತ್ತು ಒಲೆ ಹೊತ್ತಿದೆಯಲ್ಲ" ಎಂದಳು. ಅಷ್ಟೇ. ಆ ದಿನದ ಹಿಡಿಯೂ ಉಳಿದ ದಿನಗಳಷ್ಟೇ ತುಂಬಿತ್ತು. ನಾನು ಹಸಿದ ಹುಡುಗಿಯ ಕಣ್ಣಿನಿಂದ ನೋಡಿದ್ದೆ, ಹಾಗಾಗಿ ತಪ್ಪಿರಲಿಕ್ಕಿಲ್ಲ.

ಮಂಗಳೂರಿನ ಜೆಪ್ಪುವಿನ ಆ ಮನೆಯಲ್ಲಿ ನಾವು ಮಾತನಾಡುತ್ತಿದ್ದುದು ತುಳು. ಇಲ್ಲಿ ಬರೆದ ಮನೆಮಾತುಗಳೆಲ್ಲ ಮೊದಲು ತುಳುವಿನಲ್ಲಿ ಆಡಿದವು. ದೇವರ ಹತ್ತಿರ ಮಾತ್ರ ಕನ್ನಡ. ಸತ್ಯವೇದ ಕನ್ನಡದಲ್ಲಿ, ಸಂಗೀತ ಕನ್ನಡದಲ್ಲಿ, ಸಭಾಪಾಲಕರ ಪ್ರಸಂಗ ಕನ್ನಡದಲ್ಲಿ. ಹೀಗಾಗಿ ಕನ್ನಡ ಎಂದರೆ ನನಗೆ ಬಹಳ ಕಾಲ ಬೈಗುಳ, ಚೌಕಾಶಿ, ಜಗಳ ಇಲ್ಲದ ಭಾಷೆಯಾಗಿತ್ತು. ಸಂಜೆ ಏಳೂವರೆಗೆ ಚಾವಡಿಯಲ್ಲಿ ಚಾಪೆ ಹಾಸಿ ಕೂತರೆ ಅಪ್ಪ ಒಂದು ಅಧ್ಯಾಯ ಓದುವನು, ಆಮೇಲೆ ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆ ಹೇಳುವುದು. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅದು. ಅದನ್ನು ಹೇಳಲಿಕ್ಕೆ ಒಂದು ನಿಮಿಷ ಸಹ ಬೇಡ.

ಏಳೆಂಟು ವರ್ಷದವಳಿದ್ದಾಗ ಒಂದು ರಾತ್ರಿ ಜ್ವರ ಬಂದು ಬೇಗ ಮಲಗಿದ್ದೆ. ಒಬ್ಬಳೇ ಪ್ರಾರ್ಥನೆ ಹೇಳಿಕೊಳ್ಳುವಾಗ ಒಬ್ಬಳೇ ಇದ್ದೇನಲ್ಲ ಎಂದು 'ನಮ್ಮ' ಎಂದು ಬರುವ ಕಡೆಯಲ್ಲೆಲ್ಲ 'ನನ್ನ' ಎಂದು ತಿದ್ದಿ ಹೇಳಿದೆ. ನನ್ನ ತಂದೆ, ನನ್ನ ಆಹಾರ, ನನ್ನ ತಪ್ಪು. ಕಷಾಯ ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಹಾಸಿಗೆಯ ಅಂಚಿನಲ್ಲಿ ಕುಳಿತು, "ಒಬ್ಬಳೇ ಇದ್ದರೂ ನಮ್ಮ ಅಂತಲೇ ಹೇಳಬೇಕು ಮಗಾ. ಆ ಪ್ರಾರ್ಥನೆಯಲ್ಲಿ ನನ್ನ ಅನ್ನುವ ಮಾತೇ ಇಲ್ಲ, ಬೇಕಾದರೆ ಹುಡುಕು" ಎಂದಳು. ಹುಡುಕಿದೆ. ಇಲ್ಲ. ಇಂದಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಷ್ಟು ಚಿಕ್ಕ ಪ್ರಾರ್ಥನೆಯಲ್ಲಿ ಹಸಿವೂ ಇದೆ, ತಪ್ಪೂ ಇದೆ, ಭಯವೂ ಇದೆ. ಒಂದನ್ನೂ ಒಬ್ಬರೇ ಹೊರಬೇಕಾಗಿಲ್ಲ, ಒಬ್ಬರಿಗೇ ಕೇಳಿಕೊಳ್ಳುವ ಹಾಗೂ ಇಲ್ಲ.

ನಮ್ಮ ಸಭೆಯವರಿಗೆ ಅನ್ನದ ಮಾತು ಬರೀ ಉಪಮೆಯಾಗಿ ಎಂದೂ ಇರಲಿಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರಿಸ್ತನನ್ನು ನಂಬಿದವರಲ್ಲಿ ಹೆಚ್ಚಿನವರು ಬಡವರು, ಬಿಲ್ಲವರು ಬಹಳ. ದೀಕ್ಷಾಸ್ನಾನ ಆದ ದಿನವೇ ಮನೆಯ ಬಾಗಿಲು ಮುಚ್ಚಿತು, ಗೇಣಿಗೆ ಉಳುತ್ತಿದ್ದ ಗದ್ದೆ ಹೋಯಿತು ಎಂಬಂಥ ಕಥೆಗಳು ಎಷ್ಟೋ ಕುಟುಂಬಗಳಲ್ಲಿವೆ. ಬಿಲ್ಲವರ ಶೇಂದಿ ಇಳಿಸುವ ಕಸುಬನ್ನು ಮಿಷನ್ನಿನವರೇ ಬಿಡಿಸಿದರು. ಹಾಗೆ ಬಂದವರು ಸಂಜೆ ಚಾಪೆಯ ಮೇಲೆ ಕುಳಿತು ಅನುದಿನದ ಆಹಾರ ಕೇಳುವಾಗ ಆ ಮಾತಿನಲ್ಲಿ ಮರುದಿನದ ಗಂಜಿಯೇ ಇತ್ತು. ಆಮೇಲಲ್ಲವೇ ಮಿಷನ್ನು ಕೆಲಸ ಹುಟ್ಟಿಸಲು ಹೊರಟದ್ದು. ಅಚ್ಚುಕೂಟ, ಬಲ್ಮಠದ ನೇಯ್ಗೆ, ಕೊನೆಗೆ 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹೊಳೆಯ ಜೇಡಿಮಣ್ಣಿನಿಂದ ತೆಗೆದ ಹಂಚು. ಮಂಗಳೂರು ಹಂಚು ಎಂದು ಕಡಲಾಚೆಗೂ ಹೋದದ್ದು ಅದೇ. ನನ್ನ ಮುತ್ತಜ್ಜ ಆ ಮಣ್ಣು ತುಳಿದವನು. ಅಜ್ಜ ಭಟ್ಟಿಯ ಮುಂದೆ ನಿಂತವನು. ಒಂದನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಮಿಷನರಿಗಳು ಹೊರಟುಹೋಗಿ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಮನೆಯವರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ 'ಕಂಪೆನಿ'.

ಈ ಚರಿತ್ರೆಯನ್ನು ಕೆಲವರು ಅನ್ನ ಕೊಟ್ಟು ನಂಬಿಸಿದರು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಅದು ನೋವಿನ ಮಾತು. ಅನ್ನ ಕಳೆದುಕೊಂಡು ನಂಬಿದವರ ಮೊಮ್ಮಕ್ಕಳು ನಾವು. ಆ ಹಿಡಿ ಅಕ್ಕಿಯ ಡಬ್ಬಿಯ ಹಿಂದೆ ಇದ್ದದ್ದೂ ಅದೇ ನೆನಪು.

ದೃಢೀಕರಣದ ತರಗತಿಯಲ್ಲಿ ಒಬ್ಬ ಹಿರಿಯ ಸಭಾಪಾಲಕರು ನಮಗೆ ಒಂದು ಸಂಗತಿ ಹೇಳಿದ್ದರು. ಆಹಾರ ಕೇಳುವ ಸಾಲಿನಲ್ಲಿ 'ಅನುದಿನದ' ಎಂದು ನಾವು ಹೇಳುವ ಕಡೆ ಗ್ರೀಕ್ ಮೂಲದಲ್ಲಿ 'ಎಪಿಯೂಸಿಯೋಸ್' ಎಂಬ ಪದವಿದೆ. ಮೂರನೇ ಶತಮಾನದ ಒರಿಗೆನ್ ಎಂಬ ವಿದ್ವಾಂಸನ ಮಾತೃಭಾಷೆಯೇ ಗ್ರೀಕ್. ಅವನಿಗೇ ಆ ಪದ ಬೇರೆಲ್ಲೂ ಕಂಡಿರಲಿಲ್ಲವಂತೆ, ಸುವಾರ್ತೆ ಬರೆದವರೇ ಹುಟ್ಟಿಸಿರಬೇಕು ಎಂದನಂತೆ. ಇಂದಿನದು ಎಂದು ಕೆಲವರು, ನಾಳೆಯದು ಎಂದು ಕೆಲವರು, ಜೀವಕ್ಕೆ ಬೇಕಾದಷ್ಟು ಎಂದು ಇನ್ನು ಕೆಲವರು ಅರ್ಥ ಹೇಳುತ್ತಾರೆ. ಮನೆಗೆ ಓಡಿಬಂದು ಉತ್ಸಾಹದಿಂದ ಅಜ್ಜಿಗೆ ಹೇಳಿದೆ. ಅವಳು ಮೀನಿನ ಹುರುಪೆ ತೆಗೆಯುತ್ತಿದ್ದಳು. ಪೂರ್ತಿ ಕೇಳಿ, "ಬೇಕಾದಷ್ಟು ಅನ್ನುವುದೇ ಸರಿ ಕಾಣುತ್ತದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅರಣ್ಯದಲ್ಲಿ ಮನ್ನ ಬಿದ್ದಾಗ ನಾಳೆಗೆ ಅಂತ ಎತ್ತಿಟ್ಟದ್ದು ಹುಳ ಬಿದ್ದಿತಲ್ಲ" ಎಂದು ಸೇರಿಸಿದಳು. ವಿಮೋಚನಕಾಂಡದ ಆ ಕಥೆಯನ್ನು ಅವಳು ಅಕ್ಕಿಯ ಮಾತು ಬಂದಾಗಲೆಲ್ಲ ನೆನೆಯುತ್ತಿದ್ದಳು. ಆದರೂ ಅವಳು ನಾಳೆಯನ್ನು ಮರೆತವಳಲ್ಲ. ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವಳು, ಮಾವಿನ ಮಿಡಿ ಉಪ್ಪಿಗೆ ಹಾಕುವಳು, ಒಣಮೀನು ಕಟ್ಟಿಡುವಳು. ನಾಳೆಯ ಹೆಸರಿನಲ್ಲಿ ಇವತ್ತಿನ ಹಿಡಿಯನ್ನು ತಪ್ಪಿಸಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಶನಿವಾರ ಅಕ್ಕಿ ಮುಟ್ಟಿಸುವ ಕೆಲಸ ನನ್ನದು. ಎರಡು ಓಣಿ ದಾಟಿದರೆ ಬೀಡಿ ಕಟ್ಟುವ ಒಬ್ಬ ವಿಧವೆಯ ಮನೆ. ಅವರು ನಮ್ಮ ಸಭೆಯವರಲ್ಲ, ಬ್ಯಾರಿ ಮುಸ್ಲಿಮರು. ಅಜ್ಜಿ ಹೇಳುತ್ತಿದ್ದುದು ಇಷ್ಟು: "ಜಗಲಿಯಲ್ಲಿ ಇಟ್ಟು ಬಾ. ಕೂಗಬೇಡ, ನಿಲ್ಲಬೇಡ." ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದನ್ನು ಅವಳು ಅಕ್ಷರಶಃ ನಂಬಿದ್ದಳು. ನಾನು ಆರನೇ ತರಗತಿಯಲ್ಲಿದ್ದೆ. ಆ ಮನೆಯ ಹುಡುಗಿ ನನ್ನದೇ ಬೆಂಚಿನವಳು. ಒಂದು ದಿನ ಬಿಡುವಿನಲ್ಲಿ ಗೆಳತಿಯರ ಮುಂದೆ, ಇವರ ಮನೆಗೆ ಅಕ್ಕಿ ಹೋಗುವುದು ನಮ್ಮ ಮನೆಯಿಂದ ಎಂದುಬಿಟ್ಟೆ. ಆ ಹುಡುಗಿ ಏನೂ ಹೇಳಲಿಲ್ಲ. ಮರುದಿನದಿಂದ ಬೇರೆ ಬೆಂಚಿನಲ್ಲಿ ಕುಳಿತಳು. ಶನಿವಾರ ನಾನಿಟ್ಟು ಬಂದ ಚೀಲ ಸಂಜೆ ನಮ್ಮ ಜಗಲಿಯಲ್ಲಿತ್ತು, ಕಟ್ಟಿದ ಗಂಟು ಬಿಚ್ಚಿರಲಿಲ್ಲ.

ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು. ಅಳುತ್ತಾ ಎಲ್ಲ ಹೇಳಿದೆ. ಹೊಡೆಯಲಿಲ್ಲ, ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಕೈಹಿಡಿದು ಆ ಮನೆಗೆ ಹೊರಟಳು. ಕ್ಷಮೆ ಕೇಳಿಸುತ್ತಾಳೆ ಎಂದುಕೊಂಡೆ. ಕೇಳಿಸಿದಳು ಸಹ. ಆದರೆ ಅದಕ್ಕೂ ಮೊದಲು ಮಾಡಿದ ಕೆಲಸ ನನಗೆ ಆಗ ಅರ್ಥವಾಗಲಿಲ್ಲ. ಬೀಡಿಯ ತಟ್ಟೆ ಮಡಿಲಲ್ಲಿಟ್ಟುಕೊಂಡು ಮುಖ ಎತ್ತದೆ ಕುಳಿತಿದ್ದ ಆ ಹೆಂಗಸಿನ ಮುಂದೆ ಜಗಲಿಯಲ್ಲಿ ಕುಳಿತು, "ಮನೆಯಲ್ಲಿ ಹುಣಸೆಹಣ್ಣು ಮುಗಿದಿದೆ, ಸಾರಿಗೆ ಇಷ್ಟು ಕೊಡುತ್ತೀರಾ?" ಎಂದಳು. ನಮ್ಮ ಮನೆಯಲ್ಲಿ ಭರಣಿ ತುಂಬ ಹುಣಸೆಹಣ್ಣು ಇತ್ತು. ಅವರು ಒಳಗೆ ಹೋಗಿ ಕೈತುಂಬ ತಂದುಕೊಟ್ಟರು. ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಳು. ಆ ರಾತ್ರಿ ಅದೇ ಹುಣಸೆಯ ಸಾರು ಮಾಡಿದಳು, ಭರಣಿ ಮುಟ್ಟಲಿಲ್ಲ. ಆಮೇಲೆ ವರ್ಷಗಟ್ಟಲೆ ಎರಡು ಮನೆಗಳ ನಡುವೆ ಕರಿಬೇವು, ಸೌತೆಕಾಯಿ, ಹಬ್ಬದ ತಿಂಡಿ ಹೋಗಿಬರುತ್ತಿದ್ದವು. ಆ ಹುಡುಗಿ ನನ್ನ ಬೆಂಚಿಗೆ ವಾಪಸು ಬರಲು ಮಾತ್ರ ಮುಂದಿನ ತರಗತಿಯಾಗಬೇಕಾಯಿತು. ಅಷ್ಟು ಕಾಯುವುದು ನ್ಯಾಯವೇ ಆಗಿತ್ತು.

ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೂ ಚಿಕ್ಕಪ್ಪನಿಗೂ ಜಾಗದ ಪಾಲಿನಲ್ಲಿ ಮಾತು ಬಂತು. ಇದ್ದದ್ದು ಹದಿನಾಲ್ಕು ಸೆಂಟ್ಸ್ ಜಾಗ, ಒಂದು ಬಾವಿ, ಒಂದು ಮನೆ. ಬಾವಿ ಯಾರ ಕಡೆಗೆ ಎಂಬಲ್ಲಿಂದ ಹೊರಟ ಮಾತು ಅಜ್ಜನ ಕಾಯಿಲೆಗೆ ಯಾರು ಎಷ್ಟು ಖರ್ಚು ಮಾಡಿದರು ಎಂಬಲ್ಲಿಗೆ ಮುಟ್ಟಿತು. ಕೊನೆಗೆ ಚಾವಡಿಯ ನಡುವೆ ಮುರಕಲ್ಲಿನ ಗೋಡೆ ಎದ್ದಿತು. ಹಂಚಿನ ಮನೆಯಲ್ಲವೇ, ಗೋಡೆ ಮಾಡಿನವರೆಗೆ ಹೋಗಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಅದರ ಮೇಲೆ ಪಕ್ಕಾಸು, ರೀಪು, ಹಂಚು ಎಲ್ಲ ಮೊದಲಿನ ಹಾಗೇ ಒಂದೇ. ಅವರ ಒಗ್ಗರಣೆಯ ವಾಸನೆ ನಮಗೆ, ನಮ್ಮ ಒಲೆಯ ಹೊಗೆ ಅವರಿಗೆ.

ಸಂಜೆಯ ಪ್ರಾರ್ಥನೆಯೂ ಗೋಡೆ ದಾಟುತ್ತಿತ್ತು. ಎರಡೂ ಕಡೆ ಏಳೂವರೆಗೇ ಶುರು. ಅವರು ನಮಗಿಂತ ಅರ್ಧ ಸಾಲು ಹಿಂದೆ. ನಾವು ಆಹಾರ ಕೇಳಿ ಮುಗಿಸುವಾಗ ಅವರು ಕೇಳುತ್ತಿದ್ದರು. ಅದರ ಮುಂದಿನದು ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸೆಂದು ಬೇಡುವ ಸಾಲು. ಮತ್ತಾಯನ ಗ್ರೀಕ್ ಪಾಠದಲ್ಲಿ ಆ ಕಡೆ ಇರುವ ಪದಕ್ಕೆ ಸಾಲ ಎಂದೇ ಅರ್ಥ. ಗೋಡೆಯ ಈಚೆ ಅಪ್ಪ ಅದನ್ನು ಹೇಳುವನು, ಆಚೆ ಚಿಕ್ಕಪ್ಪ ಹೇಳುವನು. ನಮ್ಮ ಕಡೆ ಕುಳಿತ ಅಜ್ಜಿ ಮಾತ್ರ ಆ ಸಾಲು ಬಂದಾಗ ಬಾಯಿ ಮುಚ್ಚುತ್ತಿದ್ದಳು. ಅದು ದಾಟಿದ ಮೇಲೆ ಮತ್ತೆ ದನಿಗೂಡಿಸುವಳು. ಮೊದಲು ಗಮನಿಸಿದವಳು ನಾನು. ಆಮೇಲೆ ಅಪ್ಪನೂ ಗಮನಿಸಿದ, ಮುಖ ತಗ್ಗಿಸಿದ.

ತಿಂಗಳ ಮೊದಲ ಆದಿತ್ಯವಾರ ಗುಡಿಯಲ್ಲಿ ಕರ್ತನ ಭೋಜನ. ಸಾಲುಸಾಲಾಗಿ ಎದ್ದು ಹೋಗಿ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು ಕ್ರಮ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗಲಿ ಎಂಬ ಯೇಸುವಿನ ಮಾತು ಎಲ್ಲರಿಗೂ ಗೊತ್ತು. ಅಪ್ಪ ಹೋದ, ಬೇರೆ ಸಾಲಿನಿಂದ ಚಿಕ್ಕಪ್ಪನೂ ಹೋದ. ಅಜ್ಜಿ ಏಳಲಿಲ್ಲ. ಬಿಳಿ ಸೀರೆ ಉಟ್ಟು, ಕೈಯಲ್ಲಿ ಮಡಿಸಿದ ಕರವಸ್ತ್ರ ಹಿಡಿದು, ಖಾಲಿಯಾದ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದಳು. ಹತ್ತು ತಿಂಗಳು, ಹತ್ತು ಮೊದಲ ಆದಿತ್ಯವಾರ. ಯಾರಾದರೂ ಕೇಳಿದರೆ "ನನ್ನ ಮನೆಯಲ್ಲಿ ಸ್ವಲ್ಪ ಬಾಕಿ ಇದೆ" ಎನ್ನುವಳು. ಮಕ್ಕಳಿಗೆ ಒಂದು ಮಾತು ಆಡಲಿಲ್ಲ. ಅವರ ಪಾಲಿನ ಬಾಕಿಯನ್ನು ತನ್ನದೆಂದು ಹೊತ್ತು ಕುಳಿತಿದ್ದಳು. ನಮ್ಮ ಎಂಬ ಮಾತಿನ ಭಾರ ಎಷ್ಟೆಂದು ನಾನು ಕಣ್ಣಾರೆ ಕಂಡದ್ದು ಆ ಖಾಲಿ ಬೆಂಚಿನಲ್ಲಿ.

ಪ್ರತಿವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುವಾಗ ಅಪ್ಪ ಮೇಲೆ, ಚಿಕ್ಕಪ್ಪ ಏಣಿಯ ಮೇಲೆ ನಿಂತು ಹಂಚು ಕೊಡುವುದು ವಾಡಿಕೆ. ಆ ವರ್ಷ ಇಬ್ಬರೂ ತಮ್ಮತಮ್ಮ ಅರ್ಧ ಮಾತ್ರ ಮಾಡಿಸಿಕೊಂಡರು. ಗೋಡೆಯ ನೇರದ ಎರಡು ಸಾಲು ಹಂಚು ಯಾರ ಪಾಲಿಗೂ ಬರದೆ ಉಳಿಯಿತು. ಜೂನಿನ ಮೊದಲ ದೊಡ್ಡ ಮಳೆ ರಾತ್ರಿ ಹತ್ತು ಗಂಟೆಗೆ ಸುರಿಯಿತು. ಸೋರಿದ್ದು ಸರಿಯಾಗಿ ಗೋಡೆಯ ತಲೆಯ ಮೇಲೆ. ನೀರು ಎರಡೂ ಕಡೆ ಇಳಿದು, ಈ ಕಡೆ ಅಜ್ಜಿಯ ಹಾಸಿಗೆ ತೊಯ್ದಿತು. ಮಲಗುವ ಮುಂಚೆ ಗೆರಸೆಯಲ್ಲಿ ಆರಹಾಕಿದ್ದ ಡಬ್ಬಿಯ ಅಕ್ಕಿ ತೊಯ್ದಿತು.

ಅಪ್ಪ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದ. ಆಚೆಯಿಂದಲೂ ಏಣಿ ಒರಗಿದ ಸದ್ದಾಯಿತು. ಗೋಡೆಯ ಮೇಲೆ, ಪಕ್ಕಾಸಿನ ಕೆಳಗೆ, ಎರಡು ತಲೆಗಳು ಎದುರುಬದುರು. ಚಿಕ್ಕಪ್ಪನ ಕೈಯಲ್ಲಿ ಟಾರ್ಚ್ ಇತ್ತು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಬಹಳ ಹೊತ್ತು ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅಪ್ಪನ ದನಿ: "ಬೆಳಕು ಸ್ವಲ್ಪ ಎಡಕ್ಕೆ." ಟಾರ್ಚು ಎಡಕ್ಕೆ ತಿರುಗಿತು. ಜಾರಿದ ಹಂಚನ್ನು ಅಪ್ಪ ಒಳಗಿನಿಂದಲೇ ಮೇಲಕ್ಕೆ ತಳ್ಳಿದ. ಅದು ರೀಪಿಗೆ ಕೂರಲಿಲ್ಲ. ಚಿಕ್ಕಪ್ಪ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎರಡು ಕೈಯಿಂದ ಹಿಡಿದ. ಕೂತಿತು. ಇಳಿಯುವ ಮುಂಚೆ ಅವನು, "ಅಣ್ಣ, ಬೆಳಿಗ್ಗೆ ನೀನು ಮೇಲೆ ಹತ್ತು. ಹಂಚು ನಾನು ಕೊಡುತ್ತೇನೆ" ಎಂದ. ಒಳಗೆ ಅಜ್ಜಿ ತೊಯ್ದ ಅಕ್ಕಿಯನ್ನು ಇನ್ನೊಂದು ಗೆರಸೆಗೆ ಹರಡುತ್ತಿದ್ದಳು. ತಲೆ ಎತ್ತಲಿಲ್ಲ.

ಬಾವಿಯ ವಿಷಯ ತೀರ್ಮಾನವಾಗಲು ಮತ್ತೆ ಎರಡು ವರ್ಷ ಹಿಡಿಯಿತು. ಗೋಡೆ ಕೊನೆಯವರೆಗೂ ಇತ್ತು. ಆದರೆ ಜುಲೈ ತಿಂಗಳ ಮೊದಲ ಆದಿತ್ಯವಾರ ಅಜ್ಜಿ ಕರವಸ್ತ್ರವನ್ನು ಬೆಂಚಿನ ಮೇಲೆ ಇಟ್ಟು ಎದ್ದಳು. ಎದ್ದು ನಡೆಯುವಾಗ ನನ್ನ ಹೆಗಲು ಹಿಡಿದಿದ್ದ ಆ ಕೈ ನಡುಗುತ್ತಿತ್ತು.

ನಾನು ದೊಡ್ಡವಳಾಗಿ ಊರು ಬಿಟ್ಟು ದೂರದ ಒಂದು ಶಾಲೆಯಲ್ಲಿ ಕನ್ನಡ ಕಲಿಸಲು ಹೋದೆ. ಅಲ್ಲಿ ಜೊತೆಯ ಶಿಕ್ಷಕರೊಬ್ಬರು, ಪ್ರವಾಸಕ್ಕೆ ಮಕ್ಕಳಿಂದ ಎತ್ತಿದ ಹಣವನ್ನು ನಾನು ತೆಗೆದುಕೊಂಡೆ ಎಂದು ದೂರು ಬರೆದರು. ನಾಲ್ಕು ತಿಂಗಳು ವಿಚಾರಣೆ. ಹಣದ ಲೆಕ್ಕ ಪೈಸೆ ಪೈಸೆ ಸರಿಯಿತ್ತು, ದೂರು ಸುಳ್ಳೆಂದಾಯಿತು. ಆದರೆ ಆ ನಾಲ್ಕು ತಿಂಗಳು ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಯಾರೂ ಚಹಾ ಕುಡಿಯಲಿಲ್ಲ. ದೂರು ಬರೆದವರನ್ನು ನಾನು ದ್ವೇಷಿಸಿದೆ. ಈ ಪದವನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ವರ್ಗವಾಗಿ ಬೇರೆ ಊರಿಗೆ ಬಂದ ಮೇಲೂ ರಾತ್ರಿ ಪ್ರಾರ್ಥನೆಯಲ್ಲಿ ಕ್ಷಮೆಯ ಆ ಸಾಲು ಬಂದಾಗ ನಾಲಿಗೆ ತಡವರಿಸುತ್ತಿತ್ತು. ಅಜ್ಜಿಯ ಹಾಗೆ ಸುಮ್ಮನಿರಲು ನೋಡಿದೆ. ಅವಳು ಸುಮ್ಮನಿದ್ದದ್ದು ಬೇರೆಯವರ ಬಾಕಿಗಾಗಿ. ನನ್ನ ಮೌನದಲ್ಲಿ ಆ ಪ್ರೀತಿ ಇರಲಿಲ್ಲ.

ಆರು ವರ್ಷದ ಮೇಲೆ ಅವರ ವಿಳಾಸ ಹುಡುಕಿಕೊಂಡು ಹೋದೆ. ನಿವೃತ್ತರಾಗಿದ್ದರು. ಬಾಗಿಲು ತೆರೆದವರು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಬಂದದ್ದು ಜಗಳಕ್ಕಲ್ಲ, ನಿಮ್ಮ ಮೇಲಿನ ಸಿಟ್ಟು ಇಷ್ಟು ದಿನ ಇಟ್ಟುಕೊಂಡಿದ್ದೆ, ಅದನ್ನು ಬಿಟ್ಟು ಹೋಗಲು ಬಂದೆ ಎಂದೆ. ಅವರು ಉತ್ತರ ಕೊಡಲಿಲ್ಲ. ಮಳೆ ಈ ಸಲ ತಡವಾಯಿತು ಎಂದರು. ಅವರ ಹೆಂಡತಿ ಚಹಾ ತಂದರು. ಮೂವರೂ ಕುಡಿದೆವು. ಆ ದೂರಿನ ಬಗ್ಗೆ ಅವರು ಕೊನೆಗೂ ಬಾಯಿ ಬಿಡಲಿಲ್ಲ. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡರೆಂದು ಕೇಳಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಹಗುರವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹಗುರವಾದದ್ದು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ. ಕ್ಷಮೆಯೂ ಅನ್ನದ ಹಾಗೆಯೇ ಅಂದಂದಿಗೆ ಬೇಯಿಸಿಕೊಳ್ಳಬೇಕಾದದ್ದು ಎಂದು ನನಗೆ ತಿಳಿದದ್ದು ಆಮೇಲೆ. ನಿನ್ನೆ ಕ್ಷಮಿಸಿದ್ದು ಇವತ್ತಿಗೆ ಸಾಲುವುದಿಲ್ಲ. ಆಹಾರದ ಸಾಲಿನ ಬೆನ್ನಿಗೇ ಕ್ಷಮೆಯ ಸಾಲು ಯಾಕೆ ಬಂದಿದೆ ಎಂದು ಆಗ ಹೊಳೆಯಿತು.

ಜೆಪ್ಪುವಿನ ಮನೆ ಈಗಿಲ್ಲ. ಡಬ್ಬಿ ನನ್ನ ಹತ್ತಿರ ಇದೆ, ಬಣ್ಣ ಹೋಗಿ ತಗಡು ಕಾಣುತ್ತದೆ. ಮನೆಯಲ್ಲಿ ಇಬ್ಬರೇ, ಕುಕ್ಕರಿಗೆ ಒಂದು ಲೋಟ ಅಕ್ಕಿ ಸಾಕು. ಅದರಲ್ಲಿ ಒಂದು ಹಿಡಿ ತೆಗೆಯುವಾಗ ಪ್ರಾರ್ಥನೆ ಹೇಳಿಕೊಳ್ಳುತ್ತೇನೆ. ಕ್ಷಮೆಯ ಸಾಲಿಗೆ ಬಂದಾಗ ಆ ಶಿಕ್ಷಕರ ಹೆಸರು ಹೇಳಿ ಮುಂದಕ್ಕೆ ಹೋಗುತ್ತೇನೆ. ಎಷ್ಟೋ ದಿನ ಸಲೀಸಾಗಿ ಬಾಯಿಗೆ ಬರುತ್ತದೆ. ಕೆಲವು ದಿನ ಬರುವುದಿಲ್ಲ. ಅಂಥ ದಿನ ಕುಕ್ಕರ್ ಇಟ್ಟು, ಒಲೆಯ ಮುಂದೆ ಕೈ ಒರೆಸಿಕೊಳ್ಳುತ್ತಾ, ಆ ಹೆಸರು ಬರುವ ತನಕ ನಿಂತಿರುತ್ತೇನೆ.